ಮೊಲೆ ಬಿಡುವ ತನಕ

ಏಳು ವರ್ಷ ತುಂಬುವ ತನಕ ನಾನು ಅವ್ವನ ಮೊಲೆ ಬಿಟ್ಟಿರಲಿಲ್ಲ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ಮುಖ ಕಿವುಚುತ್ತಾರೆ, ಸೊಸೆ ಮಾತು ಬದಲಿಸುತ್ತಾಳೆ. ನನಗೂ ಬಹಳ ವರ್ಷ ನಾಚಿಕೆಯಿತ್ತು. ಈಗ ವಯಸ್ಸಾಗಿದೆ, ನಾಚಿಕೊಂಡು ಕೂಡುವಷ್ಟು ಪುರಸೊತ್ತಿಲ್ಲ. ಹಾಲಿನ ಆಸೆಗೆ ಕುಡಿಯುತ್ತಿದ್ದೆ ಎಂದು ಮಾತ್ರ ಯಾರೂ ತಿಳಿಯಬಾರದು. ಅವ್ವನ ಹಾಲು ಬತ್ತಿ ಎಷ್ಟೋ ಕಾಲವಾಗಿತ್ತು. ನಾನು ಬಾಯಿ ಹಚ್ಚುತ್ತಿದ್ದುದು ಹೆದರಿಕೆಗೆ.

ಅಪ್ಪನ ಊರು ಸುರಪುರದ ಆಚೆ, ಗುಡ್ಡದ ಮಗ್ಗುಲಲ್ಲಿ. ಕುರಿ ಕಾಯುವ ಮನೆತನ. ಅವ್ವನ ಊರು ವಡಗೇರಾದ ಕಡೆ, ಭೀಮಾ ನದಿಯ ದಂಡೆ. ಕುಲ ಒಂದೇ ಆದರೂ ಅವ್ವನ ತವರಿನವರು ಕುರಿ ಬಿಟ್ಟು ಎರಡು ತಲೆಮಾರಾಗಿತ್ತು. ಹೊಲ ಮಾಡಿ, ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಸೌತೆ, ಕಲ್ಲಂಗಡಿ ಹಾಕಿ ಬದುಕಿದವರು. ಅಪ್ಪನ ಮನೆಯ ಗಂಡಸರು ದೀಪಾವಳಿ ಮುಗಿದ ಕೂಡಲೇ ಕುರಿ ಹೊಡೆದುಕೊಂಡು ಹೊರಟರೆ ಮತ್ತೆ ಮುಂಗಾರಿಗೇ ಊರಿನ ಮುಖ ನೋಡುವುದು. ಆ ಮನೆಗೆ ಬಂದ ಹೆಂಗಸು ಒಂದೋ ಕುರಿಹಟ್ಟಿಯ ಜೊತೆ ಬಯಲಲ್ಲಿ ಇರಬೇಕು, ಇಲ್ಲವೇ ಅತ್ತೆಯ ಜೊತೆ ಊರಲ್ಲಿ. ಅವ್ವ ಬಯಲಿಗೇ ಹೋದಳು. ಅಲ್ಲಿ ಅವಳ ಮೊದಲ ಗಂಡುಕೂಸು ಜ್ವರ ಬಂದು ಎರಡೇ ದಿನದಲ್ಲಿ ತೀರಿಕೊಂಡಿತು. ಹತ್ತಿರದಲ್ಲಿ ಊರಿಲ್ಲ, ಔಷಧ ಇಲ್ಲ. ಆಮೇಲೆ ಹುಟ್ಟಿದವಳು ನಾನು. ನನ್ನನ್ನು ಕಟ್ಟಿಕೊಂಡು ಮತ್ತೆ ಹಟ್ಟಿಗೆ ಬರುವುದಿಲ್ಲ ಎಂದು ಅವ್ವ ಹಠ ಹಿಡಿದಳು. ಹೆಂಡತಿಯ ಮಾತಿಗೆ ಕುರಿ ಬಿಟ್ಟರೆ ನಾನು ಗಂಡಸೇ ಅಲ್ಲ ಎಂದು ಅಪ್ಪ ಹಠ ಹಿಡಿದ. ಯಾರೂ ಯಾರನ್ನೂ ಹೊಡೆಯಲಿಲ್ಲ, ಕುಡಿತದ ಗಲಾಟೆಯೂ ಇರಲಿಲ್ಲ. ಇಬ್ಬರು ಹಠಮಾರಿಗಳು, ಅಷ್ಟೇ. ನನ್ನ ಈ ಸ್ವಭಾವ ಎಲ್ಲಿಂದ ಬಂತು ಎಂದು ಮನೆಯವರು ಕೇಳಿದಾಗ ನನಗೆ ನಗು ಬರುತ್ತದೆ.

ಎರಡೂ ಕಡೆಯ ಹಿರಿಯರು ನಡುವಿನ ಊರು ಅಂತ ಶಹಾಪುರದಲ್ಲಿ ಕೂಡಿದರು. ನಮ್ಮ ಕುಲದಲ್ಲಿ ಮದುವೆ ಮುರಿಯುವ ಪದ್ಧತಿ ಬಹಳ ಸರಳ. ಗಂಡನ ಕೈಗೆ ಒಂದು ಒಣ ಕಡ್ಡಿ ಕೊಡುತ್ತಾರೆ, ಅವನು ಎಲ್ಲರ ಮುಂದೆ ಅದನ್ನು ಮುರಿಯುತ್ತಾನೆ. ಅಪ್ಪ ಮುರಿದ. ಆಮೇಲೆ ಒಬ್ಬ ಬರಹಗಾರನನ್ನು ಕರೆಸಿ ಸೋಡಚೀಟಿ ಬರೆಸಿದರು. ಸೋಡಚೀಟಿ ಎಂದರೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಬಿಟ್ಟದ್ದಕ್ಕೆ ಕಾಗದ. ನಿಜಾಮರ ಆಳ್ವಿಕೆ ಮುಗಿದಿದ್ದರೂ ಕಾಗದಪತ್ರ ಇನ್ನೂ ಉರ್ದುವಿನಲ್ಲೇ ನಡೆಯುತ್ತಿದ್ದ ಕಾಲ. ಬರಹಗಾರ ಓದಿ ಹೇಳಿದ, ಅಪ್ಪ ಅವ್ವ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ನನ್ನ ಬಗ್ಗೆ ಒಂದೇ ಸಾಲಿತ್ತು. ಕೂಸು ಮೊಲೆ ಬಿಡುವ ತನಕ ತಾಯಿಯ ಹತ್ತಿರ, ಬಿಟ್ಟ ಮೇಲೆ ತಂದೆಗೆ.

ಹಿರಿಯರು ಇಷ್ಟು ವರ್ಷ ಎಂದು ಯಾಕೆ ಬರೆಸಲಿಲ್ಲ ಎಂದು ಈಗಿನವರು ಕೇಳಬಹುದು. ನಮ್ಮ ಮನೆಗಳಲ್ಲಿ ವರ್ಷ ಲೆಕ್ಕ ಇಟ್ಟವರು ಯಾರು? ನಾನು ನಿಜಾಮರನ್ನು ಇಳಿಸಲು ಮಿಲಿಟರಿ ಬಂದ ಮರುವರ್ಷದ ಮುಂಗಾರಿಗೆ ಹುಟ್ಟಿದವಳು, ನನ್ನ ಜಾತಕ ಅಷ್ಟೇ. ಮಕ್ಕಳು ಎರಡು ಮೂರು ವರ್ಷಕ್ಕೆ ತಾವಾಗಿ ಮೊಲೆ ಬಿಡುತ್ತವೆ, ನಾನಾಗಲೇ ಅಂಗಳದಲ್ಲಿ ಓಡಾಡುತ್ತಿದ್ದೆ. ಇನ್ನೊಂದು ಮಳೆಗಾಲ ಕಳೆದರೆ ಆಯಿತು ಎಂದು ಅವರು ತಿಳಿದರು. ಅವರಿಗೆ ನಮ್ಮಾಯಿ, ಅಂದರೆ ಅವ್ವನ ತಾಯಿ, ಗೊತ್ತಿರಲಿಲ್ಲ. ಬೇರೆಯವರು ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವ ಹೆಂಗಸು ಅದು. ಶಹಾಪುರದಲ್ಲಿ ಬಾಯಿ ಬಿಡದೆ ಕೂತಿದ್ದಳಂತೆ. ಬಂಡಿ ಊರು ದಾಟಿದ ಮೇಲೆ, ಅಳುತ್ತಿದ್ದ ಅವ್ವನಿಗೆ ಹೇಳಿದಳಂತೆ: "ಯಾಕ ಅಳ್ತಿ? ಕೂಸು ಮೊಲಿ ಬಿಟ್ರ ಕೊಡಬೇಕಲ್ಲ? ಬಿಡಸೂದ ಬ್ಯಾಡ."

ನನಗೆ ಬುದ್ಧಿ ಬಂದಾಗಿನಿಂದ ಆಯಿ ಕಲಿಸಿದ ಪಾಠ ಇದೊಂದೇ. "ಕಂಬಳಿ ಹೊದ್ದಾಂವ ಯಾಂವರೆ ದಂಡಿ ಮ್ಯಾಲ ಕಂಡ್ರ, ಎಲ್ಲಿದ್ರೂ ಓಡಿ ಬಾ. ನಿಮ್ಮವ್ವನ ತೊಡಿ ಮ್ಯಾಲ ಬಿದ್ದು ಬಾಯಿ ಹಚ್ಚು. ಯಾರ ಕರದ್ರೂ ಬಿಡಬ್ಯಾಡ. ಬಿಟ್ಟಿ ಅಂದ್ರ ಒಯ್ತಾರ."

"ಎಲ್ಲಿಗಿ ಒಯ್ತಾರಾಯಿ?"

"ಹಟ್ಟಿಗಿ. ನಿಮ್ಮಣ್ಣ ಸತ್ತನಲ್ಲ, ಅಲ್ಲಿಗಿ."

ನೋಡಿಯೇ ಇರದ ಅಣ್ಣ. ಬಯಲಲ್ಲಿ ಅವನನ್ನು ಎಲ್ಲಿ ಹೂತರೋ ಅವ್ವನಿಗೂ ನೆನಪಿರಲಿಲ್ಲ. ಕಂಬಳಿಯವನು ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಅವನ ಪಕ್ಕದಲ್ಲೇ ಮಲಗಿಸುತ್ತಾನೆ ಎಂದು ನಾನು ನಂಬಿದ್ದೆ. ಆ ಕಂಬಳಿಯವನು ನನ್ನ ಅಪ್ಪ ಎಂಬುದು ಗೊತ್ತಿತ್ತು. ಆದರೆ ಅಪ್ಪ ಎಂದರೆ ಏನು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಕಡೆ ಕಂಬಳಿ ಹೊದೆಯದ ಗಂಡಸೆಲ್ಲಿದ್ದಾನೆ? ದಿನಕ್ಕೆ ನಾಲ್ಕು ಸಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗೆ, ಓಣಿಯ ಹುಡುಗಿಯರು "ಕಂಬಳಿ ಬಂತು, ಕಂಬಳಿ ಬಂತು" ಎಂದು ಸುಮ್ಮನೆ ಕೂಗುತ್ತಿದ್ದರು. ಆಟ ಬಿಟ್ಟು ಓಡುತ್ತಿದ್ದೆ. ಒಂದು ಮಧ್ಯಾಹ್ನ ನಿಜವಾಗಿಯೂ ಒಬ್ಬ ಮುದುಕ ನೀರು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೋಗಿ ಅವಳ ಮೇಲೆ ಬಿದ್ದ ರಭಸಕ್ಕೆ ಅವಳ ಕೈ ಕಾದ ಹಂಚಿನ ಮೇಲೆ ಹೋಯಿತು. ಅವ್ವ ಚೀರಲಿಲ್ಲ. ಸುಟ್ಟ ಕೈಯಲ್ಲೇ ಸೆರಗು ಸರಿಸಿ ನನ್ನನ್ನು ಮುಚ್ಚಿಕೊಂಡಳು. ಆ ಮುದುಕ ಅಬ್ಬೆತುಮಕೂರಿನ ಮಠಕ್ಕೆ ಹೊರಟವನಂತೆ. ನೀರು ಕುಡಿದು, ಕೂಸಿಗೆ ಒಳ್ಳೆಯದಾಗಲಿ ಎಂದು ಹರಸಿ ಹೋದ.

ಪ್ರತಿ ಮುಂಗಾರಿಗೆ ಕುರಿಗಳು ಊರಿಗೆ ತಿರುಗಿದ ಮೇಲೆ ಅಪ್ಪನ ಅಕ್ಕ, ನನ್ನ ಅತ್ತೆ, ಬರುತ್ತಿದ್ದಳು. ಕೂಸು ಮೊಲೆ ಬಿಟ್ಟಿತೋ ಇಲ್ಲವೋ ನೋಡಿಕೊಂಡು ಹೋಗಲು ಹೆಂಗಸನ್ನೇ ಕಳಿಸಬೇಕಲ್ಲ. ಅವಳು ಪಡಸಾಲೆಯಲ್ಲಿ ಕೂತು ಅಡಿಕೆ ಜಗಿಯುತ್ತ ನೋಡುತ್ತಿದ್ದಳು. ನಾನು ಅವ್ವನ ಸೆರಗಿನೊಳಗೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಕಾಲುಗಳು ಉದ್ದವಾಗಿ ಆಚೆ ಚಾಚಿಕೊಂಡಿರುತ್ತಿದ್ದವು, ಆಯಿ ಅವನ್ನು ಮಡಚಿ ಒಳಗೆ ತಳ್ಳುತ್ತಿದ್ದಳು. ಅತ್ತೆ ಕೆಟ್ಟವಳಾಗಿರಲಿಲ್ಲ. ಒಮ್ಮೆ ಅಪ್ಪನೇ ನೂಲಿಸಿ ನೇಯಿಸಿದ ಸಣ್ಣ ಕಂಬಳಿ ತಂದುಕೊಟ್ಟಳು. ಅದನ್ನು ಕಂಡು ನಾನು ಉಚ್ಚೆ ಹೊಯ್ದುಕೊಂಡೆ. ಆಯಿ ಅದನ್ನು ಎಮ್ಮೆಕರುವಿಗೆ ಹೊದಿಸಿದಳು.

ಊರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಹುಡುಗಿಯರು ನನಗೆ ಮೊಲಿಗೂಸು ಎಂದೇ ಹೆಸರಿಟ್ಟಿದ್ದರು. ಮಾಮ, ಅವ್ವನ ತಮ್ಮ, ನನ್ನನ್ನು ಶಾಲೆಗೆ ಹಾಕಬೇಕೆಂದು ಎರಡು ಸಲ ಎದ್ದ. ಆಯಿ ಬಿಡಲಿಲ್ಲ. "ಮಾಸ್ತರ ವಯಸ್ಸು ಬರಕೋತಾನ. ಮೊಲಿ ಕುಡಿಯೂ ಕೂಸು ಸಾಲಿಗಿ ಹೋಗೂದು ಎಲ್ಲರೆ ನೋಡಿಯೇನು?" ವಡಗೇರಾದ ಒಂದು ಮನೆಯವರು ಅವ್ವನನ್ನು ಉಡಿಕೆಗೆ ಕೇಳಿದರು. ಗಂಡ ಸತ್ತವಳಿಗೆ, ಬಿಟ್ಟವಳಿಗೆ ನಮ್ಮಲ್ಲಿ ಆಗುವ ಎರಡನೆಯ ಮದುವೆ ಅದು. ಒಳ್ಳೆಯ ಮನುಷ್ಯ, ಎತ್ತು ಹೊಲ ಇದ್ದ ಮನೆ. ಮೊಲೆಗೂಸು ಕಟ್ಟಿಕೊಂಡು ಹೇಗೆ ಬರಲಿ ಎಂದು ಅವ್ವ ಅದನ್ನೂ ಬೇಡವೆಂದಳು. ಹೀಗೆ ಅವಳೂ ನಾನೂ ಆ ಒಂದು ಸಾಲಿನೊಳಗೆ ಸಿಕ್ಕಿಕೊಂಡಿದ್ದೆವು. ಅವಳಿಗೆ ನೋವಾಗುತ್ತಿತ್ತು. "ಸ್ವಲ್ಪ ಬಿಡವ್ವ, ಹಲ್ಲು ತಾಕ್ತಾವ" ಎಂದು ಒಮ್ಮೆ ಬೇಡಿಕೊಂಡಳು. ಅವಳೇ ನನ್ನನ್ನು ಕೊಟ್ಟುಬಿಡುತ್ತಾಳೆ ಎಂದು ಹೆದರಿ ನಾನು ಎರಡು ದಿನ ಅವಳ ಸೀರೆ ಬಿಡಲಿಲ್ಲ.

ಒಂದು ವರ್ಷ ಮಾಮನ ಹೆಂಡತಿ ತನ್ನ ಮಗನಿಗೆ ಮೊಲೆ ಬಿಡಿಸಲು ಬೇವಿನ ಎಲೆ ಅರೆಯುತ್ತಿದ್ದಳು. ಅದನ್ನು ಹಚ್ಚಿಕೊಂಡರೆ ಕಹಿಗೆ ಕೂಸು ತಾನೇ ದೂರವಾಗುತ್ತದೆ. ಎಲ್ಲರ ಮನೆಯಲ್ಲಿ ಮಾಡುವುದೇ. ನಾನು ಒರಳಿನಲ್ಲಿ ಹಸಿರು ಕಂಡು, ಅದು ನನಗೇ ಎಂದು ತಿಳಿದು, ಮಣ್ಣಿನಲ್ಲಿ ಬಿದ್ದು ಹೊರಳಿದೆ. ಅಕ್ಕಪಕ್ಕದವರು ಓಡಿಬಂದರು. ಅವ್ವ ನನ್ನನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ಅವತ್ತು ಅವಳೂ ನಡುಗುತ್ತಿದ್ದಳು. ದೊಡ್ಡವರು ನಡುಗಿದರೆ ಮಕ್ಕಳಿಗೆ ಇನ್ನಾವ ಸಾಕ್ಷಿಯೂ ಬೇಕಾಗುವುದಿಲ್ಲ.

ಹಲ್ಲು ಬೀಳುವುದನ್ನು ಮಾತ್ರ ಆಯಿಗೆ ತಡೆಯಲಾಗಲಿಲ್ಲ. ಮುಂದಿನ ಎರಡು ಬಿದ್ದವು. ಮುಂಗಾರಿಗೆ ಬಂದ ಅತ್ತೆ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು. ಹಲ್ಲಿನ ಸಂದು ನೋಡಿದಳು. "ಹಾಲುಹಲ್ಲು ಬಿದ್ದಾವು, ಹಾಲು ಬಿಟ್ಟಿಲ್ಲೇನ?" ಎಂದಳು. ಅವಳು ಊಟಕ್ಕೂ ನಿಲ್ಲದೆ ಎದ್ದು ಹೋದಳು.

ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕೋರ್ಟಿನ ಚಪರಾಸಿ ಒಂದು ಕಾಗದ ತಂದ. ಅದು ಕನ್ನಡದಲ್ಲಿತ್ತು ಎಂದು ಮಾಮ ಆಶ್ಚರ್ಯಪಟ್ಟ. ಸೋಡಚೀಟಿಯ ಪ್ರಕಾರ ಕೂಸನ್ನು ಕೊಡಿಸಿರೆಂದು ಅಪ್ಪ ಯಾದಗಿರಿಯ ಕೋರ್ಟಿಗೆ ಹೋಗಿದ್ದ. ಮಾಮ, ಆಯಿ, ಅವ್ವ, ನಾನು ಹರಿಗೋಲಿನಲ್ಲಿ ಹೊಳೆ ದಾಟಿ ಒಬ್ಬ ವಕೀಲರ ಮನೆಗೆ ಹೋದೆವು. ಬಿಳಿ ಗಡ್ಡದ, ಬಹಳ ನಿಧಾನದ ಮನುಷ್ಯ. ಉರ್ದುವಿನ ಸೋಡಚೀಟಿಯನ್ನು ಎರಡು ಸಲ ಓದಿದರು. ಮಾಮ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ.

"ಕಡ್ಡಿ ಮುರದದ್ದು ಕೋರ್ಟಿನ್ಯಾಗ ನಡೀತದೇನ್ರಿ? ಇಲ್ಲಾ, ನಮ್ಮಕ್ಕ ಇನ್ನೂ ಅವನ ಹೇಂತಿನೇ ಏನು?"

"ನಿಮ್ಮ ಕುಲದಾಗ ಹಿಂದಿನಿಂದ ಆ ಪದ್ಧತಿ ಇದ್ರ ನಡೀತದ. ಹೊಸ ಕಾಯ್ದಿ ಬಂದರೂ ಅದನ್ನ ತಗದಿಲ್ಲ. ಆಕಿ ಬಿಡುಗಡಿ ಆದಾಕಿ."

"ಹಂಗಾರ ಈ ಸಾಲೂ ನಡೀತದೇನ್ರಿ? ಕೂಸು ಕೊಡಬೇಕೇನು?"

ವಕೀಲರು ಕಾಗದ ಕೆಳಗಿಟ್ಟರು. "ಕೂಸಂದ್ರ ಕುರಿ ಅಲ್ಲಪಾ, ಕರಾರು ಬರದು ಹಂಚಿಕೊಳ್ಳಾಕ. ಕಾಯ್ದಿ ಪ್ರಕಾರ ಪಾಲಕ ಅಂದ್ರ ತಂದಿನೇ, ಖರೆ. ಐದು ವರ್ಷದೊಳಗ ಇದ್ರ ಬಹಳ ಮಾಡಿ ತಾಯಿ ಹತ್ರ ಬಿಡ್ತಾರ. ಅದಕ್ಕಿಂತ ದೊಡ್ಡದಿದ್ರ, ಎಲ್ಲಿದ್ರ ಕೂಸಿಗಿ ಚಲೋ ಅಂತ ಜಡ್ಜ್ ಸಾಹೇಬ್ರು ನೋಡ್ತಾರ. ತಿಳವಳಿಕಿ ಬಂದಿದ್ರ ಕೂಸಿನ್ನ ಕೇಳ್ತಾರ. ಎಷ್ಟು ವರ್ಷ ಈಕಿಗಿ?"

"ಇನ್ನೂ ಮೊಲಿ ಕುಡೀತದ್ರಿ," ಎಂದಳು ಆಯಿ.

ವಕೀಲರು ನನ್ನ ಕಡೆ ನೋಡಿದರು. ನಾನು ತುಟಿ ಬಿಗಿದು ಸಂದು ಮುಚ್ಚಿಕೊಂಡೆ. ಅವರು ಮೆಲ್ಲಗೆ ಹೇಳಿದರು, "ಅವ್ವಾರ, ಈ ಮಾತು ಅಲ್ಲಿ ಆಡಬ್ಯಾಡ್ರಿ. ಕೂಸು ಖರೆ ಹೇಳಲಿ. ನಾ ಅವ್ವನ ಹತ್ರ ಇರ್ತೀನಿ ಅಂದ್ರ ಸಾಕು." ನನ್ನ ಕಡೆ ಬಾಗಿ, "ಹೇಳ್ತಿ ಇಲ್ಲವ್ವಾ?" ಎಂದರು. ಹೂಂ ಎಂದೆ.

ಹೊರಗೆ ಬಂದ ಕೂಡಲೇ ಆಯಿ ನನ್ನ ರಟ್ಟೆ ಹಿಡಿದಳು. "ಆಂವ ಹೇಳಿದ್ದು ಬಿಡು. ಕಾಗದದಾಗ ಏನು ಬರದದ, ಅದ ಖರೆ. ಸಾಹೇಬ ಏನ ಕೇಳಲಿ, ನಾ ಇನ್ನೂ ಮೊಲಿ ಕುಡೀತೀನಿ ಅನ್ನು. ತಿಳೀತಿಲ್ಲೋ?" ಅದಕ್ಕೂ ಹೂಂ ಎಂದೆ. ಪಾಪ, ಆಯಿಯನ್ನು ಬೈಯಲಾರೆ. ಹೆಬ್ಬೆಟ್ಟು ಒತ್ತಿದ ಕಾಗದ ಮನುಷ್ಯರ ಮಾತಿಗಿಂತ ದೊಡ್ಡದು ಎಂದು ನಂಬಿ ಬದುಕಿದ ಜನ ನಾವು. ಅದನ್ನೇ ಹಿಡಿದು ನಾಲ್ಕು ವರ್ಷ ನನ್ನನ್ನು ಉಳಿಸಿಕೊಂಡಿದ್ದಳು.

ಕೋರ್ಟಿನ ದಿನ ನಮ್ಮನ್ನು ಹುಣಸೆ ಮರದ ಕೆಳಗೆ ಕೂಡಿಸಿದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಎತ್ತರದ ಗಂಡಸು ನಿಂತಿದ್ದ, ಹೆಗಲ ಮೇಲೆ ಕಂಬಳಿ. ಅವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟು ಜನರ ನಡುವೆ ಅವ್ವನ ಸೆರಗಿನೊಳಗೆ ತಲೆ ಹಾಕಿದೆ. ಅವ್ವ ನಾಚಿಕೆಯಿಂದ ತಲೆ ತಗ್ಗಿಸಿದಳು, ನನ್ನನ್ನು ತಳ್ಳಲಿಲ್ಲ. ಸೆರಗಿನ ಸಂದಿಯಿಂದ ನೋಡಿದೆ. ಅವನು ನಮ್ಮ ಕಡೆಯೇ ನೋಡುತ್ತಿದ್ದ, ಆದರೆ ಒಂದು ಹೆಜ್ಜೆಯೂ ಹತ್ತಿರ ಬರಲಿಲ್ಲ.

ಒಳಗೆ ಕರೆದರು. ಸಾಹೇಬರು ಮೈಸೂರ ಕಡೆಯಿಂದ ಹೊಸದಾಗಿ ಬಂದವರು, ಕನ್ನಡಕ ಹಾಕಿಕೊಂಡ ಸಣ್ಣ ಪ್ರಾಯದವರು. "ಇಲ್ಲಿ ಬಾ ಮಗು. ಹೆದರಬೇಡ. ನಿನಗೆ ಯಾರ ಜೊತೆ ಇರೋದಕ್ಕೆ ಇಷ್ಟ?" ಎಂದು ಕೇಳಿದರು. ಅಷ್ಟು ಮೆತ್ತಗೆ ನನ್ನನ್ನು ಯಾರೂ ಮಾತಾಡಿಸಿರಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು. ವಕೀಲರ ಮುಖ ನೋಡಿದೆ, ಆಯಿಯ ಮುಖ ನೋಡಿದೆ. ಬಾಯಿ ತಾನೇ ತೆರೆಯಿತು.

"ನಾ ಇನ್ನೂ ಮೊಲಿ ಕುಡೀತೀನ್ರಿ."

ಇಡೀ ಕೋರ್ಟು ನಕ್ಕಿತು. ಕಪ್ಪು ಕೋಟಿನವರು, ಬಾಗಿಲಲ್ಲಿ ನಿಂತವರು, ಚಪರಾಸಿ, ಎಲ್ಲರೂ. ಅವ್ವ ಮುಖದ ಮೇಲೆ ಸೆರಗೆಳೆದುಕೊಂಡಳು. ನಗದೆ ಇದ್ದವರು ಇಬ್ಬರೇ, ಸಾಹೇಬರು ಮತ್ತು ಅಪ್ಪ. ಸಾಹೇಬರು ಮೇಜು ಬಡಿದು ಎಲ್ಲರನ್ನೂ ಸುಮ್ಮನಾಗಿಸಿ, ಎದ್ದು ಹಿಂದಿನ ಕೋಣೆಗೆ ಹೋದರು. ಅಪ್ಪ, ಅವ್ವ, ನಾನು, ಮೂವರನ್ನೇ ಒಳಗೆ ಕರೆದರು. ನನಗೆ ನೆನಪಿರುವ ಹಾಗೆ ನಾವು ಮೂವರು ಒಂದೇ ಕೋಣೆಯಲ್ಲಿ ಇದ್ದದ್ದು ಅದೇ ಮೊದಲು.

ಸಾಹೇಬರು ನನ್ನನ್ನು ಹತ್ತಿರ ನಿಲ್ಲಿಸಿಕೊಂಡರು. "ಹಾಲು ಬರುತ್ತಾ ಮಗು?"

"ಇಲ್ರಿ."

"ಮತ್ತೆ ಯಾಕೆ ಕುಡೀತೀಯ?"

ಇದಕ್ಕೆ ಏನು ಹೇಳಬೇಕೆಂದು ಆಯಿ ಕಲಿಸಿರಲಿಲ್ಲ. "ಬಿಟ್ರ ಒಯ್ತಾರ್ರಿ," ಎಂದೆ.

"ಯಾರು?"

ನಾನು ಬೆರಳು ಮಾಡಿ ಅಪ್ಪನನ್ನು ತೋರಿಸಿದೆ. ತೋರಿಸಿದ ಕೂಡಲೇ ಅವನು ಹಿಡಿದೇಬಿಡುತ್ತಾನೆ ಎಂದು ಕುರ್ಚಿಯ ಹಿಂದೆ ಸರಿದೆ. ಅಪ್ಪ ಹಿಡಿಯಲಿಲ್ಲ. ಅವನ ಮುಖ ನನಗೆ ಈಗಲೂ ಕಾಣುತ್ತದೆ. ಗಾಳಿಬಿಸಿಲಿಗೆ ಕಪ್ಪಾದ ದೊಡ್ಡ ಮುಖ. ಹೆಗಲಿನ ಕಂಬಳಿ ತೆಗೆದು ಹಿಂದಿನ ಮೂಲೆಯಲ್ಲಿಟ್ಟು, ಬರಿ ಅಂಗಿಯಲ್ಲಿ ಕೆಳಗೆ ಕುಕ್ಕರುಗಾಲಲ್ಲಿ ಕೂತ.

"ನಾ ಏನರೆ ಮಾಡೀನೇನವ್ವ ನಿನಗ?" ಎಂದ.

ನಾನು ಕಿರುಚಿಕೊಂಡೆ. ಅವ್ವ ಬಂದು ಎತ್ತಿಕೊಂಡಳು. ಏಳು ವರ್ಷದವಳನ್ನು ಎತ್ತಿಕೊಳ್ಳುವುದು ಸುಲಭವಲ್ಲ, ಅವಳು ತೂಗಾಡಿದಳು. ಅಪ್ಪ ಹಿಡಿದುಕೊಳ್ಳಲು ಕೈ ಮುಂದೆ ಮಾಡಿ, ನನ್ನನ್ನು ನೋಡಿ, ಹಿಂದೆ ತೆಗೆದುಕೊಂಡ. ಆಮೇಲೆ ಎದ್ದು ಸಾಹೇಬರಿಗೆ ಕೈ ಮುಗಿದ. "ನನ್ನ ಅರ್ಜಿ ವಾಪಸ್ ಕೊಡ್ರಿ ಸಾಹೇಬ್ರ. ಒಂದು ಕೂಸು ಬಯಲಾಗ ಹೋತು. ಇದರೆ ತಾಯಿ ಹತ್ರ ಇರ್ಲಿ."

ತಂದೆ ತಿಂಗಳಿಗೊಮ್ಮೆ ಬಂದು ಮಗುವನ್ನು ನೋಡಬಹುದು, ತಾಯಿ ಅಡ್ಡಿ ಮಾಡಬಾರದು ಎಂದು ಬರೆಸುತ್ತೇನೆ ಎಂದರು ಸಾಹೇಬರು. ಅಪ್ಪ ಅದಕ್ಕೂ ಕೈ ಮುಗಿದ. ಕಂಬಳಿಯನ್ನು ಕಂಕುಳಲ್ಲಿ ಸುರುಳಿ ಮಾಡಿ ಬಚ್ಚಿಟ್ಟುಕೊಂಡು ಬಾಗಿಲ ತನಕ ಹೋಗಿ, ನನ್ನ ಕಡೆ ನೋಡದೆ, ಅವ್ವನಿಗೆ ಹೇಳಿದ: "ಅಕಿಗಿ ಮೊಲಿ ಬಿಡಸು. ನಾ ಬರಂಗಿಲ್ಲ."

ಅವ್ವ ಅವತ್ತೇ ಬಿಡಿಸಿದಳು. ಬೇವೂ ಬೇಕಾಗಲಿಲ್ಲ. ಮರುದಿನ ಮಾಮ ನನ್ನನ್ನು ಶಾಲೆಗೆ ಕರೆದುಕೊಂಡು ಹೋದ. ಆಯಿ ಓಣಿಯ ತುಂಬ ಗೆದ್ದ ಸುದ್ದಿ ಹೇಳಿಕೊಂಡು ತಿರುಗಿದಳು. ಕೋರ್ಟಿನ ಆದೇಶ ಕನ್ನಡದಲ್ಲೇ ಬಂತು, ಮಾಮ ಅದನ್ನು ಮಾಳಿಗೆಯ ಜಂತಿಗೆ ಸಿಕ್ಕಿಸಿಟ್ಟ. ನಾನು ಓದಲು ಕಲಿತ ಮೇಲೆ ಕೆಳಗಿಳಿಸಿ ಅಕ್ಷರ ಕೂಡಿಸಿ ಓದಿದೆ. ತಂದೆಯು ತಿಂಗಳಿಗೊಮ್ಮೆ ಬಂದು ಮಗುವನ್ನು ನೋಡಬಹುದು ಎಂದಿತ್ತು. ಎಷ್ಟೋ ತಿಂಗಳುಗಳು ಆಗಿಹೋಗಿದ್ದವು. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಗದ ಹಿಡಿದುಕೊಂಡು ಹೋಗಿ ಕೇಳಿದೆ, "ಯವ್ವಾ, ಬರಬಹುದು ಅಂತ ಬರದದಲ್ಲ. ಅಪ್ಪ ಯಾಕ ಬರಂಗಿಲ್ಲ?"

ಅವ್ವ ಮೊರ ಕೆಳಗಿಟ್ಟಳು.

"ನೀ ಅಂಜ್ತಿ ಅಂತ," ಎಂದಳು.